ಮೋರಿಯೊಳಗಿನ ಮನೆ

ಕೆಲಸ ಹೇಳುವುದಕ್ಕೆ ಸುಲಭವಾಗಿತ್ತು. ಅಂಗನವಾಡಿಯ ಅಂಗಳದಲ್ಲಿ ಕುಳಿತು ಮಕ್ಕಳು ಆಡುವುದನ್ನು ನೋಡಬೇಕು, ನೋಡಿದ್ದನ್ನು ಬರೆಯಬೇಕು. ಮಗು ಏನು ಮಾಡಿತು ಎಂದು ಬರೆಯಬೇಕೇ ಹೊರತು ಮಾಡಿದ್ದು ಸರಿಯೋ ತಪ್ಪೋ ಎಂದು ಬರೆಯಬಾರದು. ಆಟ ಹೇಳಿಕೊಡಬಾರದು, ಉರುಳಿ ಬಂದ ಚೆಂಡನ್ನು ಎತ್ತಿಕೊಡಬಾರದು, ಜಗಳ ಬಿಡಿಸಬಾರದು. ಯಾರಿಗಾದರೂ ಪೆಟ್ಟಾಗುವ ಹಾಗಿದ್ದರೆ ಮಾತ್ರ ಏಳಬಹುದು. ಮಕ್ಕಳ ಹೆಸರು ಎಲ್ಲಿಯೂ ಬರೆಯುವಂತಿಲ್ಲ.

ಹಳ್ಳಿಯ ಮಕ್ಕಳು ಹೊರಗೆ ಎಲ್ಲಿ ಆಡುತ್ತಾರೆ, ಆಡುತ್ತ ಏನು ಕಲಿಯುತ್ತಾರೆ ಎಂದು ತಿಳಿಯಲು ಮೈಸೂರಿನ ಮೇಡಂ ಒಬ್ಬರು ಅಧ್ಯಯನ ನಡೆಸುತ್ತಿದ್ದರು. ಅವರಿಗೆ ಈ ಕಡೆಯವರೇ ಆದ, ಕನ್ನಡ ಇಂಗ್ಲಿಷ್ ಎರಡನ್ನೂ ತಪ್ಪಿಲ್ಲದೆ ಬರೆಯಬಲ್ಲ, ಬೆಳಗಿನ ಹೊತ್ತು ಬಿಡುವಿರುವ ಹೆಂಗಸರು ಬೇಕಾಗಿದ್ದರು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಅಕ್ಷರ ನನ್ನಲ್ಲಿತ್ತು. ಮಕ್ಕಳು ಕಾಲೇಜಿಗೆ, ಮನೆಯವರು ಆಫೀಸಿಗೆ ಹೊರಟ ಮೇಲೆ ಬೆಳಗೂ ಇತ್ತು.

ನನ್ನ ಪಾಲಿಗೆ ಮೂರು ಅಂಗಳಗಳು ಬಂದವು. ಒಂದು ಕೊಳ್ಳೇಗಾಲದಲ್ಲೇ, ಮಗ್ಗದ ಸದ್ದಿನ ಬೀದಿಯ ಒಂದು ಬಾಡಿಗೆ ಮನೆ. ಅಲ್ಲಿ ಅಂಗಳವೆಂದರೆ ಬಾಗಿಲ ಮುಂದಿನ, ಒಂದು ಜಮಖಾನ ಹಾಸುವಷ್ಟು ಟೈಲ್ಸು. ಇನ್ನೊಂದು ಹನೂರಿನ ಆಚೆ, ಹುಣಸೆಮರದಡಿಯ ಬಂಡೆ. ಆ ಮಕ್ಕಳು ಎಣಿಸುವುದು ತಮಿಳಿನಲ್ಲಿ, ಬೈಯುವುದು ಕನ್ನಡದಲ್ಲಿ. ಮೂರನೆಯದು ಯಳಂದೂರು ತಾಲ್ಲೂಕಿನಲ್ಲಿ, ಅಗರದಲ್ಲಿ ಬಸ್ಸಿಳಿದು ಆಟೋ ಹಿಡಿಯಬೇಕಾದ ಸಣ್ಣ ಊರು. ಮೊದಲೆರಡರಲ್ಲಿ ಕೆಲಸ ತನ್ನಷ್ಟಕ್ಕೆ ನಡೆಯಿತು. ನಾನು ಬರೆಯಹೊರಟಿರುವುದು ಮೂರನೆಯದರ ಬಗ್ಗೆ.

ಅಲ್ಲಿಯದು ಹೊಸ ಕಟ್ಟಡ. ಗೋಡೆಯ ಮೇಲೆ ಜಿರಾಫೆ, ಅದರ ಕತ್ತು ಕಿಟಕಿ ಅಡ್ಡ ಬಂದದ್ದರಿಂದ ಎರಡು ತುಂಡಾಗಿತ್ತು. ಸುತ್ತ ತಂತಿಬೇಲಿ, ನಡುವೆ ಪಂಚಾಯಿತಿಯವರು ಹಾಕಿಸಿದ ಕಬ್ಬಿಣದ ಜಾರುಬಂಡೆ. ಬಿಸಿಲೇರಿದರೆ ಅದು ದೋಸೆಕಾವಲಿಯಂತೆ ಕಾಯುತ್ತಿತ್ತು. ಅಡುಗೆ ಮಾಡುವ ಆಯಮ್ಮ ಮಕ್ಕಳ ಚಾಪೆಗಳನ್ನು ಅದರ ಮೇಲೆ ಒಣಹಾಕುತ್ತಿದ್ದರು. ಬೇಲಿಯ ಹಿಂದೆ ಕಾಲುವೆಯ ಏರಿ. ಭತ್ತದ ಕೊಯ್ಲು ಮುಗಿದಿತ್ತು, ಕಾಲುವೆ ಒಣಗಿತ್ತು.

ಮೊದಲ ದಿನ ನಾನು ಗೇಟಿನ ಚಿಲಕಕ್ಕೆ ಕೈಹಾಕಿದೊಡನೆ ಒಳಗಿನಿಂದ ಟೀಚರ ದನಿ ಬಂತು.

"ಏಯ್, ಮೇಡಂ ಬಂದ್ರು! ಕೈಕಟ್ಟಿ, ಬಾಯ್ಮೇಲ್ ಬೆರಳು!"

ಮಕ್ಕಳು ಎದ್ದು ನಿಂತು ರಾಗವಾಗಿ ಗುಡ್ ಮಾರ್ನಿಂಗ್ ಹೇಳಿದರು. ಪಕ್ಕದ ಮನೆಯಿಂದ ಕುರ್ಚಿ ಬಂತು, ಅದನ್ನು ಟವೆಲಿನಲ್ಲಿ ಒರೆಸಿದ್ದಾಯಿತು. ಹಣ್ಣಿನ ಹಾಡು, ವಾರದ ಹಾಡು, ಗಾಂಧಿತಾತನ ಹಾಡು ಆದವು.

"ನಾನು ಮಕ್ಕಳು ಆಡೋದನ್ನ ನೋಡಬೇಕಿತ್ತು ಟೀಚರ್," ಎಂದೆ.

"ಅದಕ್ಕೇನಂತೆ ಮೇಡಂ, ಆಡ್ಸ್ತೀನಿ. ಲೇ, ಎಲ್ಲಾ ಸಾಲಾಗ್ ನಿಂತ್ಕಳಿ, ಆಟ ಆಡ್ಬೇಕು!"

"ನೀವು ಆಡಿಸೋದಲ್ಲ. ಅವರೇ ಆಡೋದು."

"ಅವ್ರೇ ಆಡುದ್ರೆ ಗಲಾಟೆ ಆಯ್ತದ ಮೇಡಂ. ಬಂದೋರ್ ಮುಂದೆ ಗಲಾಟೆ ಮಾಡ್ಸಕಾದ್ದಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಗೇಟಿನೊಳಗೆ ಕಾಗದ ಹಿಡಿದು ಬಂದವರೆಲ್ಲ ಇದುವರೆಗೆ ಏನಾದರೊಂದನ್ನು ತಪಾಸಣೆ ಮಾಡಲೆಂದೇ ಬಂದವರು. ನಾನು ಬೇರೆ ಜಾತಿಯ ಕಾಗದ ತಂದಿದ್ದೇನೆ ಎಂದು ಅವರು ಏಕೆ ನಂಬಬೇಕು?

ಮುಂದಿನ ಭೇಟಿಗಳಲ್ಲಿ ಕುರ್ಚಿಯನ್ನು ಮೂಲೆಗೆ ಒಯ್ದೆ. ಮಕ್ಕಳು ಮೂಲೆಯ ಕಡೆ ತಿರುಗಿ ಹಾಡಿದರು. ನೆಲದ ಮೇಲೆ ಕುಳಿತೆ. ಟೀಚರಿಗೆ ಸಂಕಟವಾಗಿ ಚಾಪೆ ತಂದರು, ಚಾಪೆಯ ಸುತ್ತ ಮಕ್ಕಳು ಕೈಕಟ್ಟಿ ಕುಳಿತರು. ಒಂದು ಮಗುವನ್ನು ಆರಿಸಿಕೊಂಡು ಹತ್ತು ನಿಮಿಷ ಅದನ್ನೇ ಹಿಂಬಾಲಿಸಿ ಬರೆಯುವುದು ನಮ್ಮ ಪದ್ಧತಿ. ನನ್ನ ಹಾಳೆಗಳ ತುಂಬ ಒಂದೇ ಸಾಲು: "ಮಗು ನನ್ನನ್ನು ನೋಡುತ್ತಿದೆ."

ಫೋನಿನಲ್ಲಿ ಮೈಸೂರಿನ ಮೇಡಂ, "ನೀವು ಅಲ್ಲಿ ಕಾಣದಂತಾಗಬೇಕು," ಎಂದರು. ಹೊಸ ನಾಯಿ ಬಂದರೂ ಅದು ಯಾರ ಮನೆಯದೆಂದು ವಿಚಾರಿಸುವ ಊರು ಅದು.

ಕಾಣದಂತಾದದ್ದು ಅವರೆಕಾಳಿನಿಂದ. ಸತ್ತೇಗಾಲದ ನಾದಿನಿ ಒಂದು ಚೀಲ ಅವರೆ ಕಳಿಸಿದ್ದಳು. ಸಂಜೆಗೆ ನೆಂಟರು ಬರುವವರಿದ್ದರು, ಹಿತಕಿದ ಬೇಳೆಯ ಸಾರು ಮಾಡಬೇಕಿತ್ತು. ಅದಕ್ಕೆ ನೆನೆಸಿದ ಒಂದೊಂದು ಕಾಳನ್ನೂ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಕೂತು ಮಾಡುವ, ಮುಗಿಯದ ಕೆಲಸ. ಹಿಂದಿರುಗಿ ಬಂದರೆ ಹೊತ್ತಾಗುತ್ತದೆಂದು ನೆನೆದ ಕಾಳನ್ನು ಮುಚ್ಚಳದ ಪಾತ್ರೆಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆ. ಅಂಗನವಾಡಿಯ ಮೆಟ್ಟಿಲ ಮೇಲೆ ಕುಳಿತು ಒತ್ತತೊಡಗಿದೆ.

ಆಯಮ್ಮ ಬಾಗಿಲಿಂದ ಇಣುಕಿದರು. "ಅಯ್ಯೋ, ಇಷ್ಟೊಂದ್ ಕಾಳ ಒಬ್ರೇ ಇಸ್ಕದಾ? ಸರೀರಿ ಅತ್ಲಾಗೆ."

ಅವರೂ ಕುಳಿತರು. ಟೀಚರು ಒಮ್ಮೆ ನೋಡಿದರು, ಹಾಡಿಸಬೇಕೋ ಬೇಡವೋ ಎಂದು ತಿಳಿಯದೆ ಒಳಗೆ ಹೋದರು. ಅವರೆಕಾಳು ಒತ್ತುವ ಇಬ್ಬರು ಹೆಂಗಸರಲ್ಲಿ ಮಕ್ಕಳಿಗೆ ನೋಡುವಂಥದ್ದೇನಿದೆ? ಒಬ್ಬ ಬಂದು ಒಂದು ಕಾಳು ಒತ್ತಿದ. ಬೇಳೆ ಹಾರಿ ಇನ್ನೊಬ್ಬಳ ಕಿವಿಗೆ ಬಡಿಯಿತು. ಅವಳು ಅವನನ್ನು ಅಟ್ಟಿಸಿಕೊಂಡು ಹೋದಳು, ಉಳಿದವರು ಅವಳ ಹಿಂದೆ ಓಡಿದರು. ಆ ಅಂಗಳದ ನಿಜವಾದ ಸದ್ದನ್ನು ನಾನು ಕೇಳಿದ್ದು ಆಗ. ಕೈ ಒರೆಸಿಕೊಂಡು ಬರೆದೆ. ಹಾಳೆಯ ಮೇಲಿನ ಹಸಿರು ಕಲೆ ಏನೆಂದು ಮೈಸೂರಿನ ಮೇಡಂ ಆಮೇಲೆ ಕೇಳಿದರು.

ಅಲ್ಲಿಂದ ನಾನು ಬರಿಗೈಯಲ್ಲಿ ಹೋಗಲಿಲ್ಲ. ಮನೆಯಲ್ಲಿ ಸಾರು, ಉಪ್ಪಿಟ್ಟು, ರೊಟ್ಟಿ ಎಲ್ಲದರಲ್ಲೂ ಅವರೆ. "ನಿನ್ನ ಅಧ್ಯಯನ ಮುಗಿಯೋದು ಯಾವಾಗ? ನಾನಲ್ಲ, ನನ್ನ ಹೊಟ್ಟೆ ಕೇಳ್ತಾ ಇದೆ," ಎಂದರು ಮನೆಯವರು.

ಹಾಳೆಗಳು ತುಂಬತೊಡಗಿದವು. ಜಾರುಬಂಡೆಯಲ್ಲಿ ಯಾರೂ ಜಾರುತ್ತಿರಲಿಲ್ಲ, ಅದರ ನೆರಳು ಮಾತ್ರ ಬಸ್ ಸ್ಟ್ಯಾಂಡ್ ಆಗಿತ್ತು. ನಲ್ಲಿಯ ಕೆಳಗಿನ ಅಂಗೈಯಗಲದ ಕೆಸರಿಗೆ ಸರದಿ ಇತ್ತು. ಈ ಸರದಿಯನ್ನು ನಡೆಸುತ್ತಿದ್ದವಳು ಒಬ್ಬಳು ಹುಡುಗಿ. ವಯಸ್ಸು ಆರಕ್ಕೆ ಹತ್ತಿರ, ಮುಂದಿನ ವರ್ಷ ಶಾಲೆಗೆ ಹೋಗುವವಳು. ಮೈಮೇಲೆ ಅಣ್ಣನದೋ ಯಾರದೋ ಹಸಿರು ಸ್ವೆಟರು, ತೋಳು ಮೂರು ಸುತ್ತು ಮಡಿಚಿದ್ದು. ಹೆಸರು ಬರೆಯುವಂತಿಲ್ಲವಾದ್ದರಿಂದ ಅವಳು ನನ್ನ ಹಾಳೆಗಳಲ್ಲಿ "ಹಸಿರು ಸ್ವೆಟರ್". ಒಳಗೆ ಕೂರಿಸಿದರೆ ಬಾಯಿ ಬಿಡುತ್ತಿರಲಿಲ್ಲ. ಹೊರಗೆ ಅವಳ ಮಾತೇ ಮಾತು.

ಒಂದು ವಿಷಯ ಮಾತ್ರ ಬಿಡಿಸಲಾಗಲಿಲ್ಲ. ಊಟವಾದ ಮೇಲೆ ಟೀಚರು ಫೋನಿನಲ್ಲಿ ಆ ದಿನದ ಹಾಜರಿ, ಫೋಟೋ ಏರಿಸಲು ಸಿಗ್ನಲ್ ಹುಡುಕುತ್ತ ಗೇಟಿನ ಬಳಿ ನಿಲ್ಲುತ್ತಿದ್ದರು. ಆಯಮ್ಮ ಪಾತ್ರೆ ತೊಳೆಯುತ್ತಿದ್ದರು. ಆ ಹೊತ್ತಿಗೆ ನಾಲ್ಕೈದು ಮಕ್ಕಳು ಅಂಗಳದಿಂದ ಮಾಯವಾಗಿ, ಚಾಪೆ ಹಾಸುವ ಹೊತ್ತಿಗೆ ಮರಳಿರುತ್ತಿದ್ದರು. ಎಲ್ಲರ ಚಡ್ಡಿ ಲಂಗಗಳ ಹಿಂಭಾಗದಲ್ಲಿ ಒಂದೇ ಬಣ್ಣದ ಧೂಳು. ಕಟ್ಟಡದ ಹಿಂದೆ ಆಡುತ್ತಿರಬೇಕು ಎಂದುಕೊಂಡೆ. "ಮಗು ಹಿಂಬದಿಗೆ ಹೋಯಿತು. ಮಗು ಕಾಣುತ್ತಿಲ್ಲ," ಎಂದು ಬರೆದೆ.

ನಮ್ಮ ಪದ್ಧತಿಯಲ್ಲಿ ಎರಡನೆಯ ಹಂತವೊಂದಿತ್ತು. ಮಗು ಮುಂದೆ, ದೊಡ್ಡವರು ಹಿಂದೆ. ತನ್ನ ಆಟದ ಜಾಗಗಳನ್ನು ಮಗು ತೋರಿಸುತ್ತ ಹೋಗುತ್ತದೆ. ನಾವು ಎಲ್ಲಿಗೆ, ಏಕೆ ಎಂದು ಕೇಳುವಂತಿಲ್ಲ, "ಆಮೇಲೆ?" ಎನ್ನಬಹುದು ಅಷ್ಟೆ. ತಾಯಂದಿರ ಒಪ್ಪಿಗೆ ಮೊದಲೇ ಆಗಿತ್ತು. ಹಸಿರು ಸ್ವೆಟರಿನವಳನ್ನು ಕೇಳಿದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಗ ಬಗ್ಗಕಾದ್ದಾ?"

"ಆಗುತ್ತೆ."

"ಸೀರ ಅರ್ದೋಯ್ತದ."

"ಹೋಗಲಿ."

ಟೀಚರಿಗೆ ಹೇಳಿ ಹೊರಟೆ. ಅಂಗಳದೊಳಗೆ ಒಂದು ಸುತ್ತು ಹಾಕುತ್ತೇವೆ ಎಂದು ಅವರೂ ತಿಳಿದರು, ನಾನೂ ತಿಳಿದಿದ್ದೆ. ಹುಡುಗಿ ನೇರವಾಗಿ ಹಿಂಬದಿಯ ಬೇಲಿಗೆ ಹೋದಳು. ಕೆಳಗಿನ ತಂತಿಯಡಿ ಮಣ್ಣು ಸವೆದು ತಗ್ಗಾಗಿತ್ತು. ಅವಳು ಹಲ್ಲಿಯಂತೆ ನುಸುಳಿದಳು. ನಾನು ಸೀರೆ ಒಟ್ಟುಗೂಡಿಸಿ ತೆವಳಿದೆ. ಏರಿ ಹತ್ತಿದರೆ ಆಚೆಯ ಇಳಿಜಾರಿನಲ್ಲಿ ಸಿಮೆಂಟಿನಷ್ಟು ನುಣುಪಾದ ಒಂದು ಗೆರೆ ಕಾಲುವೆಯ ತಳದವರೆಗೆ ಇಳಿದಿತ್ತು. ಪಕ್ಕದಲ್ಲಿ ತೆಂಗಿನ ಮಟ್ಟೆಗಳು.

"ಕುಂತ್ಕಳಿ ಇದ್ರ ಮ್ಯಾಲ."

ಕುಳಿತೆ. ಅರ್ಧ ದಾರಿ ಜಾರಿದೆ, ಉಳಿದರ್ಧ ಉರುಳಿದೆ. ಅವಳು ನಗಲಿಲ್ಲ. "ಮಟ್ಟೆ ಬಾಲ ಇಡ್ಕಬೇಕು," ಎಂದಳು, ಕೆಲಸ ಕಲಿಸುವವರ ದನಿಯಲ್ಲಿ.

ಸ್ವಲ್ಪ ಮುಂದೆ ಗಾಡಿದಾರಿ ಕಾಲುವೆಯನ್ನು ದಾಟುವ ಕಡೆ ಒಂದು ಮೋರಿ, ಎಂದರೆ ನೀರು ಹರಿಯಲು ದಾರಿಯಡಿ ಹಾಕಿದ ದೊಡ್ಡ ಸಿಮೆಂಟ್ ಪೈಪು. ಅದು ಅವಳ ಮನೆ. ಒಳಗೆ ತಣ್ಣಗಿತ್ತು, ಹೊರಗಿನ ಸದ್ದು ಒಂದೂ ಇರಲಿಲ್ಲ. ಬಸವನಹುಳುವಿನ ಚಿಪ್ಪುಗಳನ್ನು ಸಾಲಾಗಿಟ್ಟು ಅಡುಗೆಮನೆ, ಮಲಗುವ ಕೋಣೆ ಬೇರೆ ಮಾಡಿದ್ದರು. ಮೂರು ಕಲ್ಲಿನ ಒಲೆ, ತೆಂಗಿನ ಚಿಪ್ಪಿನ ಪಾತ್ರೆ, ಒಂದು ಮುರಿದ ಸೌಟು. ನನಗೆ ಹೊಂಗೆ ಎಲೆಯಲ್ಲಿ ಕೆಸರಿನ ಮುದ್ದೆ ಬಡಿಸಿದಳು. ಪೈಪಿನ ಗೋಡೆಯಲ್ಲಿ ನನ್ನ ತಲೆಯೆತ್ತರಕ್ಕೆ ಹಳೆಯ ನೀರಿನ ಗೆರೆ ಕಾಣುತ್ತಿತ್ತು. ನಾನು ಕುಳಿತಿದ್ದೆ, ಅವಳು ನಿಂತಿದ್ದಳು. ಗೆರೆ ಅವಳ ಕುತ್ತಿಗೆಯ ಹತ್ತಿರ ಬರುತ್ತಿತ್ತು.

ನಾನು ಗೆರೆ ನೋಡುವುದನ್ನು ಅವಳು ನೋಡಿದಳು. "ನೀರ್ ಬಂದಾಗ ಮನೆ ಕಾಲಿ ಮಾಡ್ತೀವಿ."

"ಆಮೇಲೆ?"

"ಮೊದ್ಲು ಕಪ್ಪೆ ಬತ್ತವ. ಆಮೇಲೆ ವಾಸ್ನೆ ಬತ್ತದ. ಅದಾದ್ಮೇಲೇನೆ ನೀರ್ ಬರದು."

ಹೊರಡುವಾಗ, "ಯಾರ್ಗೂ ಏಳ್ಬ್ಯಾಡಿ," ಎಂದಳು. ನಾನು ಸೆರಗಿನ ಮಣ್ಣು ಕೊಡವಿಕೊಳ್ಳುತ್ತಿದ್ದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವಳು ಅದನ್ನೇ ಒಪ್ಪಿಗೆಯೆಂದು ತೆಗೆದುಕೊಂಡಳು.

ಆ ದಿನ ಬರೆದಷ್ಟು ಉದ್ದದ ಹಾಳೆಯನ್ನು ನಾನು ಮತ್ತೆಲ್ಲೂ ಬರೆಯಲಿಲ್ಲ.

ಹಿಂದಿರುಗುವಾಗ ಆಟೋದವನು ತಾನಾಗಿಯೇ ಹೇಳಿದ: "ಹಬ್ಬ ಕಳುದ್ ಮ್ಯಾಕ ನೀರ್ ಬುಡ್ತರಂತ ಮೇಡಂ. ಹೂಳ್ ತಗಿಯಕ್ಕೆ ಜೇಸಿಬಿ ಬಂದದ ನೋಡಿ. ಈ ಸಲ ಬೇಸ್ಗೆ ಬೆಳೆಗೆ ಮೋಸಿಲ್ಲ."

ಸಂಕ್ರಾಂತಿ ಹತ್ತಿರವಿತ್ತು. ಮನೆ ಸೇರಿದೊಡನೆ ಮೈಸೂರಿಗೆ ಫೋನು ಮಾಡಿದೆ. ಮೇಡಂ ಪೂರ್ತಿ ಕೇಳಿಸಿಕೊಂಡರು. ಮಗು ಗುಟ್ಟಾಗಿಡು ಎಂದದ್ದನ್ನು ಗುಟ್ಟಾಗಿಡಬೇಕು, ಆದರೆ ಅದರಲ್ಲಿ ಅಪಾಯವಿದ್ದರೆ ಹೇಳಲೇಬೇಕು ಎಂಬುದು ನಿಯಮದಲ್ಲಿ ಇತ್ತು. ಅವರು ಅದಕ್ಕೆ ಒಂದು ಮಾತು ಸೇರಿಸಿದರು: "ದೊಡ್ಡವರಿಗೆ ಹೇಳುವ ಮೊದಲು, ಹೇಳುತ್ತೇನೆ ಎಂದು ಮಗುವಿಗೆ ಹೇಳಿ. ಅವಳ ಬೆನ್ನ ಹಿಂದೆ ಬೇಡ."

ಮರುದಿನ ನನ್ನ ಸರದಿಯ ದಿನವಲ್ಲದಿದ್ದರೂ ಹೋದೆ. ಹುಡುಗಿ ನಲ್ಲಿಯ ಬಳಿ ಇದ್ದಳು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ.

"ನಿಮ್ಮ ಮನೆಯ ವಿಷಯ ಟೀಚರಿಗೆ ಹೇಳಬೇಕು. ನೀರು ಬಿಡ್ತಾರಂತೆ."

"ನಮ್ಗ ಗೊತ್ತಾಯ್ತದ ಅಂದ್ನಲ್ಲ."

"ಗೊತ್ತಾಗೋ ಹೊತ್ತಿಗೆ ಒಳಗಿದ್ದರೆ?"

"ಓಡ್ಬತ್ತೀವಿ."

"ಚಿಕ್ಕವನು ಇದ್ದಾನಲ್ಲ, ಚಡ್ಡಿ ಜಾರುತ್ತೆ ಅಂತ ಹಿಡ್ಕೊಂಡೇ ಓಡಾಡೋನು, ಅವನು?"

ಇದಕ್ಕೆ ಅವಳು ಯೋಚಿಸಿದಳು. "ಅವ್ನ ಎತ್ಕತ್ತೀನಿ."

ಮಡಿಚಿದ ತೋಳಿನಿಂದ ಹೊರಬಂದ ಅವಳ ಮಣಿಕಟ್ಟನ್ನು ನೋಡಿದೆ. ಅವಳೂ ನೋಡಿಕೊಂಡಳು.

"ಬ್ಯಾಡ ಅಂದ್ರೂ ಏಳ್ತೀರಾ?"

"ಹೇಳ್ತೀನಿ."

ಎದ್ದು ಹೋಗಿ ಜಾರುಬಂಡೆಯ ಕಂಬಕ್ಕೆ ಒರಗಿ ನಿಂತಳು. ಆ ದಿನ ಅವಳು ಸರದಿ ನಡೆಸದ ಕಾರಣ ನಲ್ಲಿಯ ಬಳಿ ಹೊಡೆದಾಟವಾಯಿತು.

ಟೀಚರಿಗೆ ಹೇಳಿದಾಗ ಅವರು ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡರು. "ಇಷ್ಟ್ ದಿನ ಅಲ್ಲಿಗೋಗ್ತಿದ್ದವಾ ಇವು! ಏನಾರ ಆಗಿದ್ರೆ ನಾನ್ ಆ ತಾಯ್ದೀರ್ ಮುಂದೆ ಹೆಂಗ್ ನಿಲ್ಲದು ಮೇಡಂ? ಈ ಊರಲ್ಲೇ ಬಾಳದಲ್ವಾ ನಾನು?"

ಪಂಚಾಯಿತಿ ಮೆಂಬರು ಬಂದರು. ತಂತಿಯಡಿಯ ತಗ್ಗಿಗೆ ಕಲ್ಲು ತುಂಬಿ ಜಾಲಿಮುಳ್ಳು ಹಾಕಿಸಿದರು. ನೀರು ಬಂದು, ಅದರ ಹೊಸತನ ಕಳೆಯುವವರೆಗೆ ಮಕ್ಕಳನ್ನು ಹೊರಗೇ ಬಿಡುವುದು ಬೇಡವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಬಾಗಿಲಿಗೆ ಮೇಲಿನ ಚಿಲಕ ಬಿತ್ತು. ಯಾರು ಮಾಡಿದ್ದೂ ತಪ್ಪಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮುಂದಿನ ಭೇಟಿಗಳ ಹಾಳೆಯಲ್ಲಿ "ಹೊರಗೆ ಆಟವಿಲ್ಲ" ಎಂದು ಬರೆದೆ. ಒಳಗೆ ಇಡೀ ದಿನ ಕೂಡಿಹಾಕಿದ ಮಕ್ಕಳು ಒಬ್ಬರನ್ನೊಬ್ಬರು ಕಚ್ಚುತ್ತಿದ್ದರು. ಹಸಿರು ಸ್ವೆಟರಿನವಳು ಜಿರಾಫೆಯ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದಳು. ತಿನ್ನಲು ಕೊಟ್ಟ ಮೊಟ್ಟೆಯನ್ನು ಚಿಕ್ಕವನ ತಟ್ಟೆಗೆ ಹಾಕುತ್ತಿದ್ದಳು. ನಾನು ಕರೆದರೆ ತಿರುಗುತ್ತಿರಲಿಲ್ಲ.

"ಕೋಳಿ ಮ್ಯಾಲ ಮಂಕ್ರಿ ಕವ್ಚಾಕ್ದಂಗಾಯ್ತು ಕಣ್ರಿ," ಎಂದರು ಆಯಮ್ಮ.

ಜೇಸಿಬಿ ಹೂಳು ತೆಗೆಯುತ್ತ ಅಂಗನವಾಡಿಯ ಹಿಂಭಾಗಕ್ಕೆ ಬಂತು. ಬೊಗಸೆ ಬೊಗಸೆಯಾಗಿ ಕಪ್ಪು ಮಣ್ಣನ್ನು ಏರಿಯ ಮೇಲೆ ಸುರಿಯುತ್ತ ಹೋಯಿತು. ಮಟ್ಟೆ ಜಾರಿ ನುಣುಪಾಗಿದ್ದ ಗೆರೆ ಅದರಡಿ ಮುಚ್ಚಿತು. ಹಿಂಬದಿಯ ಬೇಲಿಯ ಬಳಿ ನಿಂತು ನೋಡುತ್ತಿದ್ದೆ. ರಸ್ತೆ ಕೆಲಸದವರು ಬಿಟ್ಟುಹೋದ ಒಂದು ಸಿಮೆಂಟ್ ಪೈಪು ಗಾಡಿದಾರಿಯ ಪಕ್ಕ ಬಿದ್ದಿತ್ತು, ಅದರ ಮೇಲೆ ಮೇಕೆಯೊಂದು ನಿಂತಿತ್ತು. ಮಣ್ಣು ಇಲ್ಲಿದೆ, ಪೈಪು ಅಲ್ಲಿದೆ, ಎತ್ತಿ ಬೇಲಿಯೊಳಗೆ ಇಡುವ ಯಂತ್ರ ಇವತ್ತು ಇದೆ, ನಾಳೆ ಇರುವುದಿಲ್ಲ.

ಅಲ್ಲಿಂದಲೇ ಮೈಸೂರಿನ ಮೇಡಂಗೆ ಫೋನು ಮಾಡಿ ಇದನ್ನು ಹೇಳಿದೆ. "ನೀವು ಅಲ್ಲಿಗೆ ಹೋಗಿರುವುದು ನೋಡಲು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಬುಟ್ಟಿ ಮಣ್ಣು ಹಾಕಿಸಿದರೂ ಅದು ನೀವು ಮಾಡಿದ ಅಂಗಳವಾಗುತ್ತದೆ. ಮುಂದಿನದನ್ನು ನಾನು ಸೇರಿಸಿಕೊಳ್ಳಲಾರೆ. ಹಿಂದಿನದನ್ನೂ ಬಿಡಬೇಕಾಗಬಹುದು."

"ಮೋರಿಯ ಹಾಳೆಯನ್ನೂ?"

"ಅದನ್ನೂ. ನಮಗೆ ಸಿಕ್ಕಿರುವುದರಲ್ಲಿ ಅದೇ ಒಳ್ಳೆಯದು, ನನಗೆ ಗೊತ್ತು. ಯೋಚಿಸಿ."

ಯೋಚಿಸಲು ಜೇಸಿಬಿಯ ಡ್ರೈವರ್ ಊಟ ಮುಗಿಸುವಷ್ಟು ಹೊತ್ತು ಇತ್ತು. ಕಾನ್ವೆಂಟಿನಲ್ಲಿ ನಮಗೆ ಅಂಗಳವೆಂದರೆ ಸಾಲು ನಿಲ್ಲುವ ಜಾಗ. ಕಾಲುಚೀಲ ಬೆಳ್ಳಗೆ ಉಳಿಸಿಕೊಂಡವರಿಗೆ ಶನಿವಾರ ಹೆಸರು ಹಿಡಿದು ಶಹಭಾಸ್ ಹೇಳುತ್ತಿದ್ದರು, ನಾನು ಸುಮಾರು ಸಲ ಹೇಳಿಸಿಕೊಂಡಿದ್ದೇನೆ. ಇಂಥ ಕೆಲಸಕ್ಕೆ ನಾನು ಕೈಹಾಕಬಹುದೆಂದು ನನಗೇ ಅನ್ನಿಸಿರಲಿಲ್ಲ. ಹಾಳೆಗಳನ್ನು ಚೀಲಕ್ಕೆ ಹಾಕಿ ಮೆಂಬರ ಮನೆಗೆ ಹೋಗಿ ಅವರನ್ನು ಕರೆತಂದೆ.

"ಹೂಳಾ?" ಎಂದರು ಅವರು. "ಅಷ್ಟ್ ಚೆಂದಾಗಿ ಜಾರ್ಬಂಡೆ ಆಕ್ಸ್ಕೊಟ್ಟಿವ್ನಿ, ಅದ್ರ ಮ್ಯಾಲ ಚಾಪೆ ಒಣಾಕೀರಿ. ಈಗ ಹೂಳು ತುಂಬ್ಕೊಡ್ಬೇಕಾ? ನಾಳೀಕ್ ಕೆಸರ್ ಗದ್ದೆ ಬೇಕು ಅಂತೀರಿ."

ಅಷ್ಟರಲ್ಲಿ ಟೀಚರು ಬಾಗಿಲಿಗೆ ಬಂದರು. "ಬರ್ಲಿ ಬುಡಣ್ಣ ಹೂಳು. ಚಿಲ್ಕ ಆಕಂಡ್ ಇವ್ರನ್ನ ಸುದಾರ್ಸದು ನಿಂಗೇನ್ ಗೊತ್ತು? ಒಂದಿನ ನೀನ್ ಕುಂತ್ಕ ಒಳಗೆ, ನಾನ್ ಪಂಚಾಯ್ತಿಗ್ ಓಯ್ತೀನಿ."

"ಮಾಡವ್ವ, ಓಗು," ಎಂದು ಮೆಂಬರು ನಕ್ಕರು. ನಕ್ಕ ಮೇಲೆ ಇಲ್ಲ ಎನ್ನಲಾಗಲಿಲ್ಲ. "ಆ ಪೈಪಲ್ಲಿ ಹಾವ್ ಸೇರ್ಕಂಡ್ರೆ?"

"ದಿನಾ ಬೆಳಿಗ್ಗೆ ಕೋಲಾಕಿ ಗುಡುಸ್ತೀನಿ," ಎಂದರು ಆಯಮ್ಮ.

ಬೇಲಿಯ ಮೇಲಿಂದ ಜೇಸಿಬಿ ಮಣ್ಣು ಸುರಿಯಿತು, ಆಳೆತ್ತರದ ಗುಡ್ಡೆಯಾಯಿತು. ಕಲ್ಲು, ಗಾಜಿನ ಚೂರು, ಬೇರು ಆರಿಸಿ ತೆಗೆದೆವು. ಪೈಪಿಗೆ ಸರಪಳಿ ಕಟ್ಟಿ ಎತ್ತಿ ತಂದು, ಉರುಳದಂತೆ ಎರಡೂ ಕಡೆ ಕಲ್ಲು ಕೊಟ್ಟು, ಅರ್ಧ ಮಣ್ಣಿನಲ್ಲಿ ಹೂತರು. ಇಡುವಾಗ ಟೀಚರು ಒಂದು ಷರತ್ತು ಹಾಕಿದರು. ಅದರ ಬಾಯಿ ತಮ್ಮ ಬಾಗಿಲಿಗೆ ನೇರವಾಗಿರಬೇಕು, ಕೂತಲ್ಲಿಂದ ಇನ್ನೊಂದು ತುದಿಯವರೆಗೆ ಕಾಣಬೇಕು. ಹಾಗೆಯೇ ಇಟ್ಟರು.

ಚಿಲಕ ತೆಗೆದಾಗ ಮಕ್ಕಳು ಗುಡ್ಡೆಯನ್ನು ಹತ್ತಿದ ರೀತಿ ನೋಡಿ ಡ್ರೈವರ್ ಯಂತ್ರ ನಿಲ್ಲಿಸಿ ನಿಂತ. ಮಧ್ಯಾಹ್ನದ ಹೊತ್ತಿಗೆ ಯಾರ ಬಟ್ಟೆ ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ. ಹಸಿರು ಸ್ವೆಟರು ಮಾತ್ರ ಹಸಿರಾಗಿಯೇ ಇತ್ತು. ಅವಳು ಪೈಪನ್ನು ಒಂದು ಸುತ್ತು ಹಾಕಿದಳು, ಬಗ್ಗಿ ನೋಡಿದಳು. ಆ ತುದಿಯಲ್ಲಿ ಟೀಚರ ಮೇಜು, ಅದರ ಮೇಲಿನ ಫೋನು ಸಹ ಕಾಣುತ್ತಿತ್ತು.

"ಇದು ಮನೆಯಲ್ಲ," ಎಂದಳು. ನನಗಲ್ಲ, ಆಯಮ್ಮನಿಗೆ.

"ಯಾಕವ್ವ?"

"ಎಲ್ಲಾ ಕಾಣ್ತದ."

ಹಬ್ಬ ಕಳೆಯಿತು. ಒಂದು ಬೆಳಿಗ್ಗೆ ನಾನು ಹೋದಾಗ ಕಾಲುವೆಯಲ್ಲಿ ನೀರಿತ್ತು, ಕೆಂಪಗೆ, ಕಸ ತೇಲಿಸಿಕೊಂಡು. ಮೋರಿಯ ಬಾಯಿ ಪೂರ್ತಿ ಮುಳುಗಿತ್ತು. ಹುಡುಗಿ ಬೇಲಿಯ ತಂತಿ ಹಿಡಿದು ಏರಿಯ ಹುಲ್ಲಿನಲ್ಲಿ ಏನನ್ನೋ ಹುಡುಕುತ್ತಿದ್ದಳು. ಕಪ್ಪೆಗಳು ಬಂದಿರಲಿಲ್ಲ.

ಇದಾದ ಮೇಲೆ ಅವಳು ಅಡುಗೆಮನೆಯಿಂದ ಒಂದು ಗೋಣಿಚೀಲ ಎಳೆದುತಂದು, ಟೀಚರ ಬಾಗಿಲಿಗೆ ನೇರವಿದ್ದ ಪೈಪಿನ ಬಾಯಿಗೆ ಇಳಿಬಿಟ್ಟು, ಮೇಲೆ ಕಲ್ಲು ಹೇರಿದಳು. ಟೀಚರು ತೆಗೆಸಿದರು. ಮರುದಿನ ಮತ್ತೆ ಇತ್ತು, ಮತ್ತೆ ತೆಗೆಸಿದರು. ಅಧ್ಯಯನಕ್ಕೆ ಆ ಅಂಗಳ ಈಗ ಬೇಕಿರಲಿಲ್ಲ. ಹನೂರಿನ ಕಡೆಯ ಕೆಲಸವಿಲ್ಲದ ದಿನ ನಾನು ಅಲ್ಲಿಗೆ ಹೋಗುತ್ತಿದ್ದೆ.

"ಗೋಣಿ ಇರಲಿ ಬಿಡಿ ಟೀಚರ್," ಎಂದೆ. "ಆ ಕಡೆ ಬಾಯಿ ತೆರೆದೇ ಇದೆ, ಬೆಳಕಿದೆ. ಆಯಮ್ಮ ದಿನಾ ನೋಡ್ತಾರೆ."

"ನನ್ ಕಣ್ಗೆ ಕಾಣ್ಬೇಕು ಮೇಡಂ. ಒಂದ್ಸಲ ಕಾಣ್ದೇ ಇದ್ದದ್ದಕ್ಕೇ ಏನಾಯ್ತು ಗೊತ್ತಲ್ಲ?"

"ಬೇಕಾದಾಗ ಹೋಗಿ ನೋಡಿ."

ಅರೆಮನಸ್ಸಿನಿಂದ ಒಪ್ಪಿದರು. ಗೋಣಿ ಇಳಿಯಿತು. ಒಳಗೆ ಪಿಸುಮಾತು, ಚಿಪ್ಪಿನ ಸದ್ದು ಆರಂಭವಾದವು. ಸ್ವಲ್ಪ ಹೊತ್ತಿಗೆ ಟೀಚರು ಮೆಲ್ಲಗೆ ಹೋಗಿ ಗೋಣಿಯನ್ನು ಸರಕ್ಕನೆ ಎತ್ತಿದರು. ಸದ್ದು ನಿಂತಿತು. ಹುಡುಗಿ ಆ ಕಡೆಯ ಬಾಯಿಂದ ಹೊರಬಂದು, ಮೋರಿಯಿಂದ ಯಾವಾಗ ತಂದಿದ್ದಳೋ, ಆ ಮುರಿದ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಜಿರಾಫೆಯ ಗೋಡೆಯ ಬಳಿ ಕುಳಿತಳು. ಟೀಚರು ಎತ್ತಿದ ಗೋಣಿಯನ್ನು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ನಾನು ಮತ್ತೆ ಹೋದ ದಿನ ಗೋಣಿ ಇಳಿಬಿಟ್ಟೇ ಇತ್ತು. ಮೆಟ್ಟಿಲ ಮೇಲೆ ಕುಳಿತೆ. ಟೀಚರು ಫೋನಿನ ಕೆಲಸ ಮುಗಿಸಿ ಪೈಪಿನ ಕಡೆ ನಡೆದರು. ಗೋಣಿಗೆ ಕೈಹಾಕಲಿಲ್ಲ. ಊರಿನಲ್ಲಿ ಇನ್ನೊಬ್ಬರ ಮನೆಗೆ ಹೋದಾಗ ನಿಲ್ಲುವಂತೆ, ಒಂದು ಹೆಜ್ಜೆ ಹಿಂದೆ ನಿಂತು ಸೆರಗು ಸರಿಮಾಡಿಕೊಂಡರು.

"ಮನೇಲಿ ಯಾರಿದ್ದೀರವ್ವಾ?"

ಒಳಗಿನಿಂದ ಹುಡುಗಿಯ ದನಿ ಬಂತು: "ಯಾರು?"

"ನಾನ್ ಕಣವ್ವ, ಟೀಚರು. ಇಂಗೇ ಬಂದೆ. ಒಳೀಕ್ ಬರ್ಲಾ?"

ಪಿಸುಮಾತು ನಡೆಯಿತು. ಚಿಕ್ಕವನು ಏನೋ ಹೇಳಿದ, ಅವನನ್ನು ಸುಮ್ಮನಿರಿಸಿದರು.

"ಬನ್ನಿ. ಅಡ್ಗೆ ಇನ್ನೂ ಆಗಿಲ್ಲ, ಕುಂತಿರ್ಬೇಕು."

ಟೀಚರು ಮೈ ತುಂಬಿದ ಹೆಂಗಸು. ಮಂಡಿಯೂರಿ, ಉಸ್ಸಪ್ಪಾ ಎಂದು ಒಳಗೆ ತೂರಿದರು. ನಾನು ಎದ್ದು ಹತ್ತಿರ ಹೋದೆ.

"ನಾನೂ ಬರಲಾ?" ಎಂದೆ.

ಗೋಣಿಯ ಅಂಚು ಸರಿದು ಹುಡುಗಿಯ ಮುಖ ಕಾಣಿಸಿತು. ನಾನು ಟೀಚರಿಗೆ ಹೇಳಿದ ಮೇಲೆ ಅವಳು ನೇರವಾಗಿ ನನ್ನನ್ನು ನೋಡಿದ್ದು ಅದೇ ಮೊದಲು. ಕೋಪವೇನೂ ಇರಲಿಲ್ಲ. ಒಂದು ವಿಷಯ ತಿಳಿಸುವಂತೆ ಹೇಳಿದಳು:

"ನೀವ್ ಬ್ಯಾಡಿ. ನೀವ್ ಏಳ್ಬುಡ್ತೀರ."

ಗೋಣಿ ಇಳಿಯಿತು. ನಾನು ಹಿಂದಿರುಗಿ ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಟೀಚರು, ಇವತ್ತು ಏನು ಸಾರು ಎಂದು ಕೇಳುತ್ತಿದ್ದರು. ಉತ್ತರ ನನಗೆ ಕೇಳಿಸಲಿಲ್ಲ.